ಕೊಲೆಗೊಂದು ಮನೆ ಹುಡುಕಿದ್ದು

ಪತ್ತೇದಾರಿ ಕಾದಂಬರಿ ಬರೆಯುತ್ತೇನೆಂದು ಹೊರಟು, ನನಗೆ ಯಾವ ಕೇಡನ್ನೂ ಮಾಡದ ಒಬ್ಬ ಹುಡುಗಿಯ ಓದಿಗೆ ನಾನು ಕಲ್ಲು ಹಾಕಿಬಿಡುವವನಿದ್ದೆ. ಅವಳು ಹಾಸನದ ಟೀಚರ್ ಟ್ರೈನಿಂಗ್ ಸ್ಕೂಲಿಗೆ ಸೇರಲು ಎರಡೇ ದಿನ ಉಳಿದಿದ್ದಾಗ ನನಗೆ ವಿಷಯ ತಿಳಿಯಿತು. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆಗ ಮಾತ್ರ ಅಂಗಿ ಬೆನ್ನಿಗೆ ಅಂಟುವಷ್ಟು ಬೆವರಿದ್ದೆ.

ಅರವತ್ತರ ದಶಕದ ಮೊದಲ ವರ್ಷಗಳವು. ನಾನು ಅರಸೀಕೆರೆಯ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ. ಸ್ವಂತ ಊರು ಬೇಲೂರು. ತಂದೆ ಅಲ್ಲಿನ ದೇವಸ್ಥಾನದ ಸೇವೆಯಲ್ಲಿದ್ದರು. ನನಗಿನ್ನೂ ಇಪ್ಪತ್ತೈದು ತುಂಬಿರಲಿಲ್ಲ, ಮದುವೆಯಾಗಿರಲಿಲ್ಲ. ರೈಲ್ವೆ ಸ್ಟೇಷನ್ನಿನ ಹತ್ತಿರ ಒಂದು ರೂಮು ಮಾಡಿಕೊಂಡು, ಹೋಟೆಲಿನಲ್ಲಿ ಉಂಡು, ಸಾಯಂಕಾಲಗಳನ್ನು ಏನು ಮಾಡಬೇಕೆಂದು ತಿಳಿಯದೆ ಕೂತಿರುತ್ತಿದ್ದೆ. ಹುಡುಗರು ಪಾಠದ ನಡುವೆ ಡೆಸ್ಕಿನ ಅಡಿಯಲ್ಲಿಟ್ಟುಕೊಂಡು ಓದುತ್ತಿದ್ದ ಪತ್ತೇದಾರಿ ಕಾದಂಬರಿಗಳನ್ನು ಕಿತ್ತುಕೊಳ್ಳುವುದರಲ್ಲಿ ಇಡೀ ಸ್ಕೂಲಿನಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ನನ್ನ ಶಿಸ್ತನ್ನು ಹೆಡ್‌ಮಾಸ್ಟರು ಎಲ್ಲರೆದುರಿಗೆ ಹೊಗಳುತ್ತಿದ್ದರು. ಕಿತ್ತುಕೊಂಡ ಪುಸ್ತಕಗಳು ನನ್ನ ಮಂಚದ ಕೆಳಗೆ ಸೇರುತ್ತಿದ್ದವು, ಅವನ್ನೆಲ್ಲ ನಾನು ಎರಡೆರಡು ಸಲ ಓದುತ್ತಿದ್ದೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಅಷ್ಟು ಓದಿದ ಮೇಲೆ ಬರೆಯುವ ಚಪಲ ಹುಟ್ಟದೆ ಇರುತ್ತದೆಯೇ? ಒಂದು ಬೇಸಿಗೆ ರಜೆಯಲ್ಲಿ ನೂರಿಪ್ಪತ್ತು ಪುಟ ಗೀಚಿ, ಹೆಸರು ಬದಲಿಸಿಕೊಂಡು, ಬೆಂಗಳೂರಿನ ಒಬ್ಬ ಪ್ರಕಾಶಕರಿಗೆ ಕಳಿಸಿದೆ. ಹದಿನೈದು ದಿನಕ್ಕೆ ಕಾಗದ ಬಂತು. ಕಥೆ ಓಡುತ್ತದೆ, ಆದರೆ ಎಲ್ಲಿ ಓಡುತ್ತದೆ ಎಂದು ಗೊತ್ತಾಗುವುದಿಲ್ಲ. ನಿಮ್ಮ ಊರಿಗೆ ಬೀದಿಗಳಿಲ್ಲ, ಮನೆಗೆ ಬಾಗಿಲುಗಳಿಲ್ಲ, ಕೊಲೆಗಾರ ಗಾಳಿಯ ಹಾಗೆ ಬಂದು ಗಾಳಿಯ ಹಾಗೆ ಹೋಗುತ್ತಾನೆ. ಮೊದಲು ಊರು ಕಟ್ಟಿ, ಆಮೇಲೆ ಕೊಲೆ ಮಾಡಿ ಎಂದು ಬರೆದಿದ್ದರು. ಎರಡು ದಿನ ಆ ಮನುಷ್ಯನ ಮೇಲೆ ಉರಿದುಕೊಂಡೆ. ಮೂರನೆಯ ದಿನ ಅಂಗಡಿಗೆ ಹೋಗಿ ರಟ್ಟಿನ ಹೊದಿಕೆಯ ಒಂದು ದಪ್ಪ ನೋಟ್‌ಬುಕ್ ಕೊಂಡುತಂದೆ.

ಆ ನೋಟ್‌ಬುಕ್ಕಿನಲ್ಲಿ ನಾನು ಊರು ಕಟ್ಟಲು ಶುರುಮಾಡಿದೆ. ಸ್ಟೇಷನ್ನು ಅರಸೀಕೆರೆಯದು. ಯಾವ ರೈಲು ಎಷ್ಟು ಹೊತ್ತು ನಿಲ್ಲುತ್ತದೆ, ನೀರಿನ ನಲ್ಲಿ ಯಾವ ಕಡೆಗಿದೆ, ಟಿಕೆಟ್ ಕಿಟಕಿಯಿಂದ ನೋಡಿದರೆ ಯಾರ ಮುಖ ಕಾಣುತ್ತದೆ, ಯಾರದು ಕಾಣುವುದಿಲ್ಲ, ಎಲ್ಲವನ್ನೂ ಬರೆದುಕೊಂಡೆ. ದೇವಸ್ಥಾನದ ಬೀದಿಯನ್ನು ಬೇಲೂರಿನಿಂದ ತಂದೆ. ಅಲ್ಲಿ ಯಾವ ಮನೆಯ ಮುಂದೆ ಮೊದಲು ರಂಗೋಲಿ ಬೀಳುತ್ತದೆ ಎಂಬುದು ನನಗೆ ಚಿಕ್ಕಂದಿನಿಂದ ಗೊತ್ತು. ಕೆರೆ ಮಾತ್ರ ಹಳೇಬೀಡಿನದೇ ಆಗಬೇಕೆಂದು ಹಟ, ಯಾಕೆಂದರೆ ಅಷ್ಟು ದೊಡ್ಡ ಕೆರೆಯಲ್ಲಿ ಏನನ್ನಾದರೂ ಎಸೆದರೆ ಪೊಲೀಸರಿಗೆ ಸಿಗುವುದಿಲ್ಲ. ಒಂದು ಭಾನುವಾರ ಕೆರೆ ಏರಿಯ ಮೇಲೆ ಗಡಿಯಾರ ಹಿಡಿದುಕೊಂಡು ನಾಲ್ಕು ಸಲ ಅತ್ತಿತ್ತ ನಡೆದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬರು, "ಏನ್ ಕಳ್ಕೊಂಡ್ರೀ ಸ್ವಾಮಿ?" ಎಂದು ಕೇಳಿದರು. ಏನೂ ಇಲ್ಲ ಎಂದರೆ ನಂಬದೆ, ಸ್ವಲ್ಪ ಹೊತ್ತು ನನ್ನ ಜೊತೆ ನೆಲ ನೋಡುತ್ತ ಅವರೂ ಹುಡುಕಿದರು.

ಮೂರು ಊರನ್ನು ಸೇರಿಸಿ ಹೊಲಿದದ್ದರಿಂದ ಕೆಲವು ತೊಂದರೆಗಳಾದವು. ಒಂದು ಬೀದಿಯಲ್ಲಿ ಬೇಲೂರಿನ ಸೋನೆ ಹಿಡಿದಿರುತ್ತಿತ್ತು, ಮುಂದಿನ ಬೀದಿಯಲ್ಲಿ ಅರಸೀಕೆರೆಯ ಬಿಸಿಲು ಚುರುಗುಟ್ಟುತ್ತಿತ್ತು. ಊರಿಗೆ ಹೋಗಿದ್ದಾಗ ನಾನು ಬರೆದಿದ್ದ ನಕ್ಷೆ ತಂದೆಯ ಕಣ್ಣಿಗೆ ಬಿತ್ತು. ಅವರು ಕನ್ನಡಕ ಏರಿಸಿಕೊಂಡು, "ನಮ್ಮ ಯಗಚಿ ಹೊಳೆ ಯಾಕೋ ಹಳೇಬೀಡಿನ ಕೆರೆಗೆ ಹೋಗಿ ಸೇರ್ತಾ ಇದೆ?" ಎಂದರು. ಹುಡುಗರಿಗೆ ಭೂಗೋಳದ ಪರೀಕ್ಷೆಗೆಂದು ಬೇಕೆಂದೇ ತಪ್ಪು ಮಾಡಿದ್ದೇನೆ ಎಂದು ಸುಳ್ಳು ಹೇಳಿದೆ.

ಆಮೇಲೆ ಜನ ಬಂದರು. ಒಬ್ಬೊಬ್ಬರಿಗೆ ಒಂದೊಂದು ಪುಟ. ಪೋಸ್ಟ್‌ಮ್ಯಾನನಿಗೆ ಯಾವ ಕಾಲು ನೋಯುತ್ತದೆ, ಹೋಟೆಲಿನ ಯಜಮಾನ ಯಾರನ್ನು ಕಂಡರೆ ಸಿಡುಕುತ್ತಾನೆ, ಜೋಯಿಸರಿಗೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಹಸಿವಾಗುತ್ತದೆ. ಇವುಗಳಲ್ಲಿ ಮುಕ್ಕಾಲು ಪಾಲು ಕಥೆಯೊಳಗೆ ಬರುವುದೇ ಇಲ್ಲ. ಬರದಿದ್ದರೂ ನನಗೆ ಗೊತ್ತಿರಬೇಕು ಎಂದು ಹಟ ಹಿಡಿದು ಬರೆಯುತ್ತಿದ್ದೆ. ನಿಜ ಹೇಳಬೇಕೆಂದರೆ ಕಾದಂಬರಿಗಿಂತ ನನಗೆ ಆ ನೋಟ್‌ಬುಕ್ಕೇ ಹೆಚ್ಚು ಪ್ರಿಯವಾಗಿಬಿಟ್ಟಿತ್ತು. ಕೊನೆಯ ಅಧ್ಯಾಯದಲ್ಲಿ ನನ್ನ ಪತ್ತೇದಾರ ಅರಸೀಕೆರೆಯ ಹತ್ತಿರದ ಮಾಲೇಕಲ್ಲು ಬೆಟ್ಟದ ಮೆಟ್ಟಿಲುಗಳ ಮೇಲೆ ಕೊಲೆಗಾರನನ್ನು ಓಡಿಸಿಕೊಂಡು ಹೋಗಿ ತುದಿಯಲ್ಲಿ ಹಿಡಿಯುವವನಿದ್ದ. ಅದೂ ಸರಿಯೋ ತಪ್ಪೋ ನೋಡಿಬಿಡೋಣ ಎಂದು ಹೋಗಿ ನಾನೇ ಓಡಿದೆ. ಅರ್ಧಕ್ಕೇ ಎದೆ ಹಿಡಿದುಕೊಂಡು ಕೂತೆ. ತಲೆಯ ಮೇಲೆ ಹಣ್ಣುಕಾಯಿಯ ಬುಟ್ಟಿ ಹೊತ್ತ ಒಬ್ಬ ಮುದುಕಿ ನಿಧಾನವಾಗಿ ನನ್ನನ್ನು ದಾಟಿ ಹತ್ತಿಹೋದಳು. ಅಂದಿನಿಂದ ನನ್ನ ಕೊಲೆಗಾರ ಬೆಟ್ಟದ ಬುಡದಲ್ಲೇ ಸಿಕ್ಕಿಬೀಳುವಂತೆ ಮಾಡಿದೆ.

ಊರಾಯಿತು, ಜನರಾದರು. ಕೊಲೆಗೊಂದು ಮನೆ ಬೇಕಿತ್ತು. ಸತ್ತವನು ಕೊಬ್ಬರಿ ವ್ಯಾಪಾರಿ ಎಂದು ಮೊದಲೇ ತೀರ್ಮಾನವಾಗಿತ್ತು, ಅರಸೀಕೆರೆಯಲ್ಲಿ ಕೂತು ಬೇರೆ ಯಾರನ್ನು ಕೊಲ್ಲುವುದು? ಆದರೆ ಅಂಥ ಮನೆಯೊಳಗೆ ನಾನು ಕಾಲಿಟ್ಟಿರಲಿಲ್ಲ. ಕೊಬ್ಬರಿಗೆಂದು ಇಟ್ಟ ಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟದ ಮೇಲೆ ಹನ್ನೊಂದು ಹನ್ನೆರಡು ತಿಂಗಳು ಹಾಗೇ ಬಿಡುತ್ತಾರೆ, ಒಳಗಿನ ನೀರು ಇಂಗಿ ತಿರುಳು ಚಿಪ್ಪು ಬಿಡುತ್ತದೆ ಎಂದು ಕೇಳಿ ಗೊತ್ತಿತ್ತು ಅಷ್ಟೆ. ಆ ಅಟ್ಟದ ಮೇಲೆ ಕೊಲೆಗಾರ ಅಡಗಿ ಕೂರಬೇಕೆಂಬುದು ನನ್ನ ಆಸೆ.

ಕೊಬ್ಬರಿ ಮಂಡಿಯಲ್ಲಿ ಒಬ್ಬ ವ್ಯಾಪಾರಿಯ ಪರಿಚಯವಿತ್ತು. ಶಿವಭಕ್ತರು, ಹಣೆಯ ತುಂಬ ವಿಭೂತಿ, ಮಠಕ್ಕೆ ನಡೆದುಕೊಳ್ಳುವ ದೊಡ್ಡ ಮನೆತನ. ನಾನು ಅವರ ಹತ್ತಿರ ಹೋಗಿ, "ಯಜಮಾನ್ರೇ, ತಮ್ಮ ಮನೆ ವಿಚಾರ ಸ್ವಲ್ಪ ತಿಳ್ಕೋಬೇಕಿತ್ತು" ಎಂದೆ. ಕಾದಂಬರಿಗೆ ಎಂದು ಹೇಳಲಿಲ್ಲ. ಪತ್ತೇದಾರಿ ಪುಸ್ತಕ ಕಿತ್ತುಕೊಳ್ಳುವ ಮೇಷ್ಟ್ರೇ ಅದನ್ನು ಬರೆಯುತ್ತಾನೆ ಎಂದು ಹೆಡ್‌ಮಾಸ್ಟರ ಕಿವಿಗೆ ಬಿದ್ದರೆ ನನ್ನ ಗತಿ ಏನು? ಯಜಮಾನರು ನನ್ನನ್ನು ಒಂದು ಗಳಿಗೆ ನೋಡಿದರು. ಮುಖ ಅರಳಿತು. "ಅದಕ್ಕೇನಂತೆ ಮೇಷ್ಟ್ರೇ, ಭಾನುವಾರ ಮನೆ ಕಡೆ ಬನ್ನಿ" ಎಂದರು.

ನಮ್ಮ ಕಡೆ ಒಂದು ಪದ್ಧತಿಯಿದೆ. ಅದು ನೆನಪಿಗೆ ಬರಬೇಕಾಗಿದ್ದ ಹೊತ್ತಿನಲ್ಲಿ ನನಗೆ ಬರಲಿಲ್ಲ, ಆದ್ದರಿಂದ ಇಲ್ಲಿಯೇ ಹೇಳಿಬಿಡುತ್ತೇನೆ. ಒಂದು ಮನೆಯ ಹೆಣ್ಣನ್ನು ತಂದುಕೊಳ್ಳಬೇಕೆಂದು ಗಂಡಿನವರಿಗೆ ಮನಸ್ಸಾದರೆ, ಅವರು ನೇರವಾಗಿ ಬರುವುದಿಲ್ಲ. ಮೊದಲು ಎರಡೂ ಕಡೆಗೆ ಸೇರದ ಒಬ್ಬ ಮರ್ಯಾದಸ್ಥನನ್ನು ಕಳಿಸಿ ಮನೆತನ ವಿಚಾರಿಸುತ್ತಾರೆ. ಬಂದವನು ತಾನು ಯಾಕೆ ಬಂದೆನೆಂದು ಹೇಳಬಾರದು. ಮನೆಯವರು ಯಾಕೆ ಬಂದಿರಿ ಎಂದು ಕೇಳಬಾರದು. ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕು, ಚೆನ್ನಾಗಿ ಉಪಚಾರ ಮಾಡಬೇಕು. ಇಂಥ ಕೆಲಸಕ್ಕೆ ಮೇಷ್ಟ್ರುಗಳಿಗಿಂತ ಯೋಗ್ಯರು ಸಿಗುತ್ತಾರೆಯೇ? ನನ್ನ ಜಾತಿಯೇ ಬೇರೆಯಾದ್ದರಿಂದ ನಾನೇ ಗಂಡಿರಬಹುದು ಎಂಬ ಅನುಮಾನಕ್ಕೂ ಎಡೆಯಿರಲಿಲ್ಲ.

ಭಾನುವಾರ ಹೋದೆ. ಜಗುಲಿಗೆ ಹೊಸ ಚಾಪೆ ಹಾಸಿತ್ತು. ಯಜಮಾನರ ತಾಯಿ, ಎಂಬತ್ತರ ಹತ್ತಿರದ ಅಜ್ಜಿ, ನನ್ನೆದುರಿಗೆ ಕಂಬಕ್ಕೊರಗಿ ಕೂತರು. ಕೋಡುಬಳೆ ಬಂತು, ರವೆ ಉಂಡೆ ಬಂತು. ಸಾಹಿತ್ಯಕ್ಕೆ ಇಷ್ಟು ಗೌರವ ಎಲ್ಲಾದರೂ ಉಂಟೇ ಎಂದು ನನಗೆ ಕಣ್ಣು ತುಂಬುವ ಹಾಗಾಯಿತು, ಸಾಹಿತ್ಯದ ಮಾತನ್ನೇ ನಾನು ಎತ್ತಿಲ್ಲ ಎಂಬುದು ಮರೆತೇಹೋಗಿತ್ತು. ನೋಟ್‌ಬುಕ್ ತೆಗೆದು ಪ್ರಶ್ನೆ ಕೇಳಲು ಶುರುಮಾಡಿದೆ.

"ಮನೇಲಿ ಎಷ್ಟು ಜನ ಅಜ್ಜಿ?"

"ನಾನು, ಮಗ, ಸೊಸೆ, ಮೊಮ್ಮಗಳು. ಹಿರೇ ಮೊಮ್ಮಗ ತಿಪಟೂರಲ್ಲಿ ಅಂಗಡಿ ಇಟ್ಕೊಂಡವ್ನೆ."

"ದಾಯಾದಿಗಳ ಜೊತೆ ಮನಸ್ತಾಪ ಏನಾದರೂ?" ಕೊಲೆಗೆ ಕಾರಣ ಬೇಕಲ್ಲ!

"ಅಯ್ಯೋ, ಹಾಲು ಜೇನು ಇದ್ದಂಗೆ ಅವ್ರೆ."

"ಯಜಮಾನ್ರಿಗೆ ಕಾಯಿಲೆ ಕಸಾಲೆ?"

"ಒಂದ್ ದಿನ ಶೀತ ಅಂತ ಮಲಗಿದೋನಲ್ಲ. ನಮ್ ವಂಶದಲ್ಲೇ ಇಲ್ಲ."

"ಮನೇಲಿ ಬಂಗಾರ ಎಲ್ಲಿಡ್ತೀರಿ?"

ಇದನ್ನು ಕೇಳಲು ನನಗೆ ಸ್ವಲ್ಪ ಅಂಜಿಕೆಯಿತ್ತು. ಆದರೆ ಅಜ್ಜಿ ಈ ಪ್ರಶ್ನೆಗೇ ಕಾದಿದ್ದವರ ಹಾಗೆ ಎದ್ದು ಒಳಗೆ ಹೋಗಿ, ಒಂದು ಪೆಟ್ಟಿಗೆಯನ್ನೇ ತಂದು ನನ್ನ ಮುಂದೆ ಬಿಚ್ಚಿದರು. ಇದು ಕೊರಳಿನ ಅಡ್ಡಿಕೆ, ಇದು ಸೊಂಟದ ಡಾಬು, ಇದು ನನ್ನ ಅತ್ತೆ ಕೊಟ್ಟಿದ್ದು ಎಂದು ಒಂದೊಂದನ್ನೇ ಎತ್ತಿ ತೋರಿಸಿದರು. ನಾನು ಪೆಟ್ಟಿಗೆಯ ಬೀಗ ಯಾವ ಕಡೆಗೆ ತಿರುಗುತ್ತದೆ ಎಂದು ಬರೆದುಕೊಂಡೆ.

ಆಮೇಲೆ ಯಜಮಾನರ ಮಗಳು ಕಾಫಿ ತಂದಳು. ರೇಷ್ಮೆ ಸೀರೆ ಉಡಿಸಿದ್ದರಂತೆ, ತಲೆ ತುಂಬ ಹೂ ಮುಡಿಸಿದ್ದರಂತೆ. ನಾನು ಗಮನಿಸಿದ್ದು ನಡುಮನೆಯ ಬಾಗಿಲು ಕಿರುಗುಟ್ಟುತ್ತದೆ ಎಂಬುದನ್ನು ಮಾತ್ರ. ಅದನ್ನೂ ಬರೆದುಕೊಂಡೆ. ಹೊರಡುವಾಗ ಅಜ್ಜಿ, ನಿಮಗೆ ಬೇಲೂರಿನ ಆಚೆಗೆ ಯಾರಾದರೂ ಪರಿಚಯವೇ ಎಂದು ಕೇಳಿದರು. ನನ್ನ ಅಕ್ಕನನ್ನು ಬಿಕ್ಕೋಡಿಗೆ ಕೊಟ್ಟಿತ್ತು, ಭಾವ ಅಲ್ಲಿನ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. "ಬಿಕ್ಕೋಡಿನ ಎಸ್ಟೇಟಿನವರು ನಮಗೆ ತುಂಬಾ ಬೇಕಾದವರು" ಎಂದೆ. ಅಜ್ಜಿ ಮಗನ ಮುಖ ನೋಡಿದರು, ಮಗ ಅಜ್ಜಿಯ ಮುಖ ನೋಡಿದರು.

ಹೀಗೆ ಮೂರು ಭಾನುವಾರ. ಬಾವಿಯಿಂದ ಹಿಂಬಾಗಿಲಿಗೆ ಎಷ್ಟು ಹೆಜ್ಜೆ ಎಂದು ಅಳೆದೆ. ಕೊಟ್ಟಿಗೆ ನೋಡಿದೆ. ಯಜಮಾನರು ತಾವೇ ಏಣಿ ಹಿಡಿದುಕೊಂಡು ನಿಂತು ಅಟ್ಟದ ಒಳಗೆ ಇಣುಕಿಸಿದರು. ಎಷ್ಟು ತೆಂಗಿನ ಮರ, ಎಲ್ಲೆಲ್ಲಿ ತೋಟ ಎಂದು ನಾನು ಕೇಳದೆ ಇದ್ದರೂ ಹೇಳಿದರು. ರೂಮಿಗೆ ಬಂದು ನೋಟ್‌ಬುಕ್ ತಿರುವಿದರೆ ಮನೆ ಕಣ್ಣಿಗೆ ಕಟ್ಟಿದ ಹಾಗಿತ್ತು. ಇಷ್ಟು ಅಚ್ಚುಕಟ್ಟಾದ ಮನೆಯಲ್ಲಿ ಕನ್ನಡದಲ್ಲಿ ಇದುವರೆಗೆ ಕೊಲೆಯೇ ಆಗಿಲ್ಲ ಎಂದು ಬೀಗಿದೆ.

ನಾಲ್ಕನೆಯ ಸಲ ಹೋದದ್ದು ಶನಿವಾರ, ಅರ್ಧ ದಿನದ ಸ್ಕೂಲು ಮುಗಿಸಿಕೊಂಡು. ಹಿತ್ತಲಿನ ಗೋಡೆ ಹಾರಲು ಸಾಧ್ಯವೋ ಎಂದು ನೋಡಬೇಕಿತ್ತು. ಯಜಮಾನರು ಮಂಡಿಯಲ್ಲಿದ್ದರು. ಅಜ್ಜಿ ಕೊಟ್ಟಿಗೆಯ ಹತ್ತಿರ ಯಾರಿಗೋ ಬೈಯುತ್ತಿದ್ದರು. ನಾನು ಗೋಡೆಯ ಎತ್ತರವನ್ನು ಗೇಣಿನಲ್ಲಿ ಅಳೆಯುತ್ತಿದ್ದಾಗ ಮಗಳು ಬಾವಿಕಟ್ಟೆಯಿಂದ ನೇರವಾಗಿ ನನ್ನ ಹತ್ತಿರ ಬಂದು ನಿಂತಳು.

"ಮೇಷ್ಟ್ರೇ, ಆ ಬಿಕ್ಕೋಡಿನೋರು ಯಾವಾಗ ಹೇಳ್ತಾರಂತೆ?"

"ಯಾವ ಬಿಕ್ಕೋಡಿನೋರು?"

"ನೀವು ಬಾಯಿ ಬಿಡಬಾರ್ದು ಅಂತ ನಂಗೂ ಗೊತ್ತು ಬಿಡಿ. ಆದ್ರೆ ಸೋಮವಾರ ಸಾಯಂಕಾಲದೊಳಗೆ ನಾನು ಹಾಸನದಲ್ಲಿ ಟ್ರೈನಿಂಗಿಗೆ ಸೇರ್ಕೋಬೇಕು. ಸೀಟು ಸಿಕ್ಕಿದೆ ಅಂತ ಕಾರ್ಡು ಬಂದು ತಿಂಗಳಾಯ್ತು. ನೀವು ಬರೋಕೆ ಮುಂಚೆ ಅಪ್ಪ ಟ್ರಂಕೂ ತಂದಿದ್ರು. ಈಗ, ಎಸ್ಟೇಟಿನೋರು ಹುಡುಗೀನ ಹಾಸ್ಟೆಲಲ್ಲಿ ಬಿಟ್ಟಿರೋದು ಇಷ್ಟಪಡ್ತಾರೋ ಇಲ್ಲವೋ, ಅವ್ರ ಮಾತು ಬರ್ಲಿ, ಈ ವರ್ಷ ಓದು ಬೇಡ ಅಂತಾರೆ. ಬೇಡ ಅಂತಾದ್ರೂ ಹೇಳಿಸಿಬಿಡಿ ಮೇಷ್ಟ್ರೇ, ನಿಮ್ ಕಾಲಿಗೆ ಬೀಳ್ತೀನಿ."

 ನನ್ನ ಕೈ ಗೋಡೆಯ ಮೇಲೇ ಉಳಿಯಿತು. ಚಾಪೆ, ಕೋಡುಬಳೆ, ರವೆ ಉಂಡೆ, ಬಂಗಾರದ ಪೆಟ್ಟಿಗೆ, ಬಿಕ್ಕೋಡು, ಎಲ್ಲ ಒಂದರ ಹಿಂದೊಂದು ಬಂದು ಸಾಲಾಗಿ ನಿಂತವು. ಮೂರು ವಾರ ನಾನು ಪತ್ತೇದಾರನ ಸೃಷ್ಟಿಕರ್ತನಾಗಿ ಓಡಾಡಿದ್ದೆ, ಕಣ್ಣ ಮುಂದಿದ್ದ ಒಂದು ಸುಳಿವೂ ಹತ್ತಿರಲಿಲ್ಲ. ನನ್ನಷ್ಟು ಪೆದ್ದ ಆ ಸೀಮೆಯಲ್ಲೇ ಇರಲಾರ ಎನ್ನಿಸಿತು.  ಅವಳಿಗೆ ನಾಳೆ ಬರುತ್ತೇನೆ ಎಂದಷ್ಟೇ ಹೇಳಿ, ಬಸ್ ಸ್ಟ್ಯಾಂಡಿಗೆ ಓಡಿ ಬೇಲೂರಿನ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಒಂದು ಉಪಾಯ ಹೊಳೆದಿತ್ತು. ಬಾಣಾವರ ದಾಟುವ ಹೊತ್ತಿಗೆ ಅದೇ ಸರಿ ಅನ್ನಿಸಿತ್ತು. ಹೇಗೂ ಅವರೆಲ್ಲ ನಂಬಿದ್ದಾರೆ, ಬಿಕ್ಕೋಡಿನವರಿಗೆ ಒಪ್ಪಿಗೆಯಿಲ್ಲವಂತೆ ಎಂದು ಒಂದು ಮಾತು ಹೇಳಿಬಿಟ್ಟರೆ ಸಾಕು. ಹುಡುಗಿ ಓದಲು ಹೋಗುತ್ತಾಳೆ, ನನ್ನ ಗುಟ್ಟೂ ಗುಟ್ಟಾಗಿಯೇ ಉಳಿಯುತ್ತದೆ.

ಸಂಜೆ ತಂದೆಯ ಮುಂದೆ ಕೂತು ಎಲ್ಲವನ್ನೂ ಒಪ್ಪಿಸಿದೆ. ಕೊಲೆ, ಕೊಬ್ಬರಿ, ನೋಟ್‌ಬುಕ್, ಉಪಾಯ. ಅವರು ಮೊದಲು ಕೇಳಿದ್ದು, "ಹಾಗಾದ್ರೆ ಯಗಚಿ ಕೆರೆಗೆ ಸೇರಿದ್ದು ಭೂಗೋಳದ ಪರೀಕ್ಷೆಗಲ್ಲ?" ಎಂದು. ಅಲ್ಲ ಎಂದೆ. ಅವರು ತುಟಿ ಕಚ್ಚಿಕೊಂಡು ನಗು ತಡೆದರು. ಆಮೇಲೆ ಉಪಾಯದ ಮಾತಿಗೆ ಬಂದಾಗ ಅವರ ಮುಖದಲ್ಲಿ ನಗುವಿರಲಿಲ್ಲ.

"ಹಾಗೆ ಹೇಳಬೇಡ ಕಣೋ. ಗಂಡಿನೋರು ಬೇಡ ಅಂದರಂತೆ ಅನ್ನೋ ಮಾತು ಒಂದು ಸಲ ಹೊರಟರೆ, ಯಾಕೆ ಬೇಡ ಅಂದ್ರು ಅಂತ ಊರಿನವರೇ ಕಾರಣ ಹುಟ್ಟಿಸ್ತಾರೆ. ಅಂಥ ಗಂಡೇ ಇಲ್ಲ, ಆದ್ರೂ ಆ ಮಗು ಬೇಡ ಅನ್ನಿಸಿಕೊಂಡ ಹುಡುಗಿ ಆಗಿಬಿಡ್ತಾಳೆ. ನಾಳೆ ನಿಜವಾಗಿ ಮದುವೆ ಮಾತು ಬಂದಾಗ ಅದು ಅಡ್ಡ ಬರುತ್ತೆ. ನಿನ್ನ ಮಾನ ಉಳಿಸಿಕೊಳ್ಳೋಕೆ ಅವಳದ್ದು ಕಳೀಬೇಡ. ಹೋಗಿ ಇದ್ದದ್ದನ್ನ ಇದ್ದ ಹಾಗೆ ಹೇಳು."

"ಅವರು ಹೊಡೆದರೆ?"

"ಹೊಡೆಸ್ಕೋ."

ಸ್ವಲ್ಪ ಹೊತ್ತಾದ ಮೇಲೆ ಅವರೇ ಕೆಮ್ಮಿ, "ಅದಿರ್ಲಿ, ಕೊಂದವರು ಯಾರು?" ಎಂದು ಕೇಳಿದರು. ಹೇಳಿದೆ. "ನಾನು ಜೋಯಿಸರು ಅಂದ್ಕೊಂಡಿದ್ದೆ" ಎಂದು ಎದ್ದು ಸಂಧ್ಯಾವಂದನೆಗೆ ಹೋದರು.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಹಳೇಬೀಡಿನಲ್ಲಿ ಕಾಫಿಗೆಂದು ಇಳಿದ ಡ್ರೈವರು ಹತ್ತುವ ಯೋಚನೆಯನ್ನೇ ಮಾಡಲಿಲ್ಲ. ಎಂದೂ ಯಾರ ಮೇಲೂ ಕೂಗಾಡದವನು ಅಂದು ಹೋಟೆಲಿನ ಬಾಗಿಲಿಗೇ ಹೋಗಿ ಕೂಗಾಡಿದೆ. ಅರಸೀಕೆರೆ ಸೇರುವಷ್ಟರಲ್ಲಿ ಹೊತ್ತು ಏರಿತ್ತು. ಯಜಮಾನರು ಪೂಜೆ ಮುಗಿಸಿ ಜಗುಲಿಯಲ್ಲಿ ಕೂತಿದ್ದರು. ನನ್ನನ್ನು ಕಂಡವರೇ, "ಬನ್ನಿ ಬನ್ನಿ, ಏನ್ ಸುದ್ದಿ ತಂದ್ರಿ?" ಎಂದರು. ಅಜ್ಜಿ ಬಂದರು. ಯಜಮಾನರ ಹೆಂಡತಿ ಸೆರಗು ಹೊದ್ದು ಬಾಗಿಲ ಪಕ್ಕದಲ್ಲಿ ನಿಂತರು. ಅವರ ಹಿಂದೆ ಮಗಳು.

"ಯಜಮಾನ್ರೇ, ಗಂಡು ಇಲ್ಲ. ಬಿಕ್ಕೋಡಿನೋರು ಯಾರೂ ನನ್ನ ಕಳ್ಸಿಲ್ಲ. ನಾನೊಂದು ಪತ್ತೇದಾರಿ ಕಾದಂಬರಿ ಬರೀತಾ ಇದ್ದೀನಿ. ಅದಕ್ಕೆ ಒಂದು ಮನೆ ಬೇಕಿತ್ತು. ಇದರಲ್ಲಿರೋದು ನಿಮ್ಮ ಮನೆ."

ನೋಟ್‌ಬುಕ್ಕನ್ನು ಅವರ ಮುಂದೆ ಇಟ್ಟೆ. ಅವರು ಬಿಚ್ಚಿ ಓದತೊಡಗಿದರು.  

"ಏನಂತೆ ಮಗ?" ಎಂದರು ಅಜ್ಜಿ, ತಡೆಯಲಾರದೆ.

"ನಡುಮನೇಲಿ ಹೆಣ ಬಿದ್ದೈತಂತೆ ಕಣವ್ವ."

"ಶಿವ ಶಿವಾ! ಯಾರ್ದಪ್ಪಾ?"

"ನಂದು."

ಅಜ್ಜಿ ಎದೆಯ ಮೇಲೆ ಕೈಯಿಟ್ಟುಕೊಂಡರು. ಯಜಮಾನರು ತಲೆಯೆತ್ತಿದರು. ಮುಖ ಕೆಂಪಾಗಿತ್ತು. "ಮೂರು ವಾರ ನಮ್ಮನೆ ಕೋಡುಬಳೆ ತಿಂದು ನನ್ನೇ ಕೊಂದ್ರಲ್ಲ ಮೇಷ್ಟ್ರೇ! ನಾನು ಮಠದ ಸ್ವಾಮಿಗಳಿಗೆ ಸೈತ ಹೇಳಿ ಬಂದಿದ್ದೆ, ಒಳ್ಳೇ ಕಡೆಯಿಂದ ಕೇಳ್ತಾವ್ರೆ ಅಂತ!" ಎಂದು ಗುಡುಗಿದರು. ನಾನು ತಲೆ ತಗ್ಗಿಸಿ ಕೂತೆ. ಬೈದರು, ಚೆನ್ನಾಗಿಯೇ ಬೈದರು. ಬೈಯುತ್ತಲೇ ಬೆರಳಿಟ್ಟ ಪುಟದ ಮೇಲೆ ಮತ್ತೆ ಕಣ್ಣು ಹೋಯಿತು. ಹುಬ್ಬು ಗಂಟಿಕ್ಕಿತು.

"ಇದೇನಿದು? ಕೊಲೆಗಾರ ಅಟ್ಟದ ಮೇಲೆ ಸದ್ದಿಲ್ಲದಂಗೆ ನಡೆದು ಬತ್ತಾನೆ?"

"ಹೌದು ಯಜಮಾನ್ರೇ."

"ಹನ್ನೊಂದು ತಿಂಗಳ ಕಾಯಿ ಮೇಲೆ? ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿರ್ತೈತೆ ಕಣ್ರೀ! ಒಂದು ಇಲಿ ಓಡಿದ್ರೆ ಗುಡುಗುಡು ಅಂತ ಇಡೀ ಮನೆ ಎದ್ದು ಕೂರ್ತೈತೆ. ಇಂಥಾ ದಡ್ಡ ಕೊಲೆಗಾರನ ಕೈಲಿ ಸಾಯೋಕೆ ನಂಗೇನು ಕರ್ಮ?"

ಬಾಗಿಲ ಕಡೆಯಿಂದ ಯಾರೋ ಕಿಸಕ್ಕೆಂದರು, ಯಜಮಾನರ ಹೆಂಡತಿಯೇ ಇರಬೇಕು. ಅಜ್ಜಿಯೂ ಬೊಚ್ಚು ಬಾಯಿ ತೆರೆದು ನಕ್ಕರು. ಯಜಮಾನರು ನಗಲಿಲ್ಲ, ಆದರೆ ಪುಟ ತಿರುವುವ ರೀತಿ ಬದಲಾಗಿತ್ತು. ಏಣಿಯನ್ನು ಇಡುವುದು ಆ ಮೂಲೆಯಲ್ಲಲ್ಲ, ಹಸು ಕರೆಯುವುದು ಇಷ್ಟು ಹೊತ್ತಿಗಲ್ಲ ಎಂದು ತಿದ್ದತೊಡಗಿದರು. ನಾನು ಬದುಕಿದೆ ಅಂದುಕೊಂಡೆ.

ಆಗ ಮಗಳು ಮುಂದೆ ಬಂದು, "ಅಪ್ಪಾ, ಇಲ್ಲಿ ಕೊಡಿ, ನೋಡ್ತೀನಿ" ಎಂದು ನೋಟ್‌ಬುಕ್ ತೆಗೆದುಕೊಂಡಳು. ನಿಂತೇ ಓದಿದಳು. ಅಜ್ಜಿಯ ಪುಟ ಬಂದಾಗ ಅವಳ ಮುಖದಲ್ಲಿ ನಗು ಮೂಡಿತು. ಇನ್ನೂ ನಾಲ್ಕೈದು ಹಾಳೆ ತಿರುವಿದಳು. ಒಂದು ಸಾಲಿನ ಮೇಲೆ ಅವಳ ಕಣ್ಣು ನಿಂತಿತು. ಆಮೇಲೆ, ಸ್ಕೂಲಿನಲ್ಲಿ ಪಾಠ ಒಪ್ಪಿಸುವ ದನಿಯಲ್ಲಿ ಗಟ್ಟಿಯಾಗಿ ಓದಿದಳು: "ಮಗಳು ಒಬ್ಬಳು. ಓದಿಕೊಂಡಿದ್ದಾಳೆ. ಕಥೆಗೆ ಅವಶ್ಯವಿಲ್ಲ."

ನಾನೇ ಬರೆದದ್ದು. ಬರೆದದ್ದು ನನಗೆ ನೆನಪೂ ಇರಲಿಲ್ಲ. ಬಾಗಿಲಿಗೆ ಅರ್ಧ ಪುಟ ಕೊಟ್ಟಿದ್ದೆ, ಬೀಗಕ್ಕೆ ಚಿತ್ರವನ್ನೇ ಬರೆದಿದ್ದೆ. ನೆಲ ಬಾಯಿ ಬಿಟ್ಟರೆ ಇಳಿದುಹೋಗುತ್ತಿದ್ದೆ.

"ತಪ್ಪಾಯ್ತಮ್ಮ" ಎಂದೆ.

"ನಿಮ್ಮೊಬ್ಬರದೇ ಅಲ್ಲ ಬಿಡಿ ಮೇಷ್ಟ್ರೇ" ಎಂದಳು ಅವಳು. ನನ್ನ ಕಡೆ ನೋಡಲಿಲ್ಲ. ನೋಡಿದ್ದು ತಂದೆಯನ್ನು. "ಮೂರು ವಾರದಿಂದ ಈ ಮನೇಲೂ ಹಿಂಗೇ ಬರ್ಕೊಂಡಿದ್ದಾರೆ."

ಯಜಮಾನರು ಕೂತಲ್ಲೇ ಕೂತಿದ್ದರು. ವಿಭೂತಿಯ ಕೆಳಗೆ ಹಣೆ ಬೆವರುತ್ತಿತ್ತು. ಹೆಂಡತಿಯ ಕಡೆ ತಿರುಗಿ, "ಟ್ರಂಕು ಎಲ್ಲೈತೆ?" ಎಂದು ಕೇಳಿದರು.

"ಅಟ್ಟದ ಮೇಲೆ" ಎಂದರು ಹೆಂಡತಿ.

ಯಜಮಾನರು ತಾವೇ ಏಣಿ ಹತ್ತಿದರು. ಅವರು ಮೇಲೆ ಕಾಲಿಟ್ಟ ಕೂಡಲೇ ಅಟ್ಟದ ತುಂಬ ಕಾಯಿಗಳು ಗುಡುಗುಟ್ಟಿದವು. ಧೂಳು ಹಿಡಿದ ಟ್ರಂಕನ್ನು ಅವರು ಕೆಳಗಿಳಿಸಿಕೊಟ್ಟಾಗ ನಾನು ಹಿಡಿದುಕೊಂಡೆ.

ಸೋಮವಾರ ಬೆಳಿಗ್ಗೆ ಸ್ಕೂಲಿಗೆ ಒಂದು ಪೀರಿಯಡ್ ತಡವಾದರೂ ಪರವಾಗಿಲ್ಲವೆಂದು ಸ್ಟೇಷನ್ನಿಗೆ ಹೋದೆ. ಹುಡುಗಿ ಆಗಲೇ ಹಾಸನದ ರೈಲಿನಲ್ಲಿ ಕಿಟಕಿಯ ಪಕ್ಕ ಕೂತಿದ್ದಳು. ಜೊತೆಗೆ ತಾಯಿ ಹೊರಟಿದ್ದರು, ಬಿಟ್ಟು ಬರಲು. ಅಜ್ಜಿ ಕಟ್ಟಿಕೊಟ್ಟ ಬುತ್ತಿ ಮಡಿಲಲ್ಲಿತ್ತು. ನನ್ನನ್ನು ನೋಡಿ, "ಹೋಗಿ ಬರ್ತೀನಿ ಮೇಷ್ಟ್ರೇ, ಕಾದಂಬರಿ ಬೇಗ ಮುಗಿಸಿ" ಎಂದಳು. ಮುಖ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. ಯಜಮಾನರು ಕಿಟಕಿಯ ಸರಳು ಹಿಡಿದುಕೊಂಡು ನಿಂತಿದ್ದರು, ಏನೋ ಹೇಳಬೇಕೆಂದು ಬಾಯಿ ತೆರೆದು, "ನೀರು ಇಟ್ಕೊಂಡ್ಯಾ?" ಎಂದಷ್ಟೇ ಕೇಳಿದರು. ರೈಲು ಹೊರಟಿತು.

ಪ್ಲಾಟ್‌ಫಾರ್ಮು ಖಾಲಿಯಾಯಿತು. ನಾವಿಬ್ಬರೂ ಕಲ್ಲುಬೆಂಚಿನ ಮೇಲೆ ಕೂತೆವು. ಇನ್ನು ನನ್ನ ಮುಖ ನೋಡುವುದಿಲ್ಲವೇನೋ ಅಂದುಕೊಂಡಿದ್ದರೆ, ಅವರೇ ಮಾತು ತೆಗೆದರು.

"ಮೇಷ್ಟ್ರೇ, ಪುಸ್ತಕ ಬರೀರಿ, ನಾನೇನು ಬ್ಯಾಡ ಅನ್ನಲ್ಲ. ನನ್ನ ಬೇಕಾದ್ರೆ ಎರಡು ಸಲ ಕೊಲ್ಲಿ. ಅವಳ್ನ ಮಾತ್ರ ಬರೀದೆ ಬಿಡಬ್ಯಾಡಿ."

"ಇಲ್ಲ ಯಜಮಾನ್ರೇ, ಬಿಡಲ್ಲ" ಎಂದೆ. ಕೈಚೀಲದಿಂದ ನೋಟ್‌ಬುಕ್ ತೆಗೆದು, ಕಥೆಗೆ ಅವಶ್ಯವಿಲ್ಲ ಎಂಬ ಆ ಸಾಲನ್ನು ಹೊಡೆದುಹಾಕಿ, ಒಂದು ಹೊಸ ಪುಟ ತಿರುವಿದೆ. ಪೆನ್ಸಿಲ್ ಹಿಡಿದುಕೊಂಡು ಕೂತೆ. ಏನು ಬರೆಯುವುದು? ಅವಳ ಮನೆಯ ಏಣಿಗೆ ಎಷ್ಟು ಮೆಟ್ಟಿಲು ಎಂದು ನನಗೆ ಗೊತ್ತಿತ್ತು.

"ಅವಳಿಗೆ ಏನು ಇಷ್ಟ ಯಜಮಾನ್ರೇ? ಯಾವ ಪಾಠ, ಯಾವ ತಿಂಡಿ, ಏನಾದ್ರೂ."

ಯಜಮಾನರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಹಳಿಗಳ ಕಡೆ ನೋಡುತ್ತ ಕೂತರು. ಒಂದು ಗೂಡ್ಸ್ ಗಾಡಿ ಬಂದು ನಿಧಾನವಾಗಿ ಉದ್ದಕ್ಕೂ ದಾಟಿಹೋಗುವವರೆಗೂ ಅವರು ಯೋಚಿಸುತ್ತಲೇ ಇದ್ದರು.

"ದಸರಾ ರಜಕ್ಕೆ ಬತ್ತಾಳಲ್ಲ" ಎಂದರು ಕೊನೆಗೆ. "ಇಬ್ರೂ ಕೂತು ಕೇಳಣ."